ಸಾರಥಿಯ ಶಿಕ್ಷಣ

ಗೃಹಸ್ಥನಾದವನು ತನ್ನ ಮಕ್ಕಳ ಕೈಗೆ ಕೊಡುವ ವಸ್ತುಗಳಲ್ಲಿ ಅತ್ಯಂತ ಗುರುತರವಾದುದು ಯಾವುದು ಎಂದು ಕೇಳಿದರೆ, ಒಬ್ಬರು ಹಣವೆನ್ನುವರು, ಮತ್ತೊಬ್ಬರು ಮನೆಯ ಪತ್ರಗಳೆನ್ನುವರು. ನಮಗೆ ತೋರುವ ಮಟ್ಟಿಗೆ ಅದು ಹೆಬ್ಬೆರಳಿನಷ್ಟು ಗಾತ್ರದ ಒಂದು ಬೀಗದಕೈ. ಮೋಟಾರು ಗಾಡಿಯ ಬೀಗದಕೈ. ಹಣ ಹೋದರೆ ಮರಳಿ ಸಂಪಾದಿಸಬಹುದು; ಪತ್ರ ಕಳೆದರೆ ನಕಲು ತೆಗೆಸಬಹುದು. ಈ ಬೀಗದಕೈಯನ್ನು ತಿರುಗಿಸಿದುದರಿಂದ ಹೋಗುವುದು ಮರಳಿ ಬಾರದು. ಅದು ಅನೇಕ ವೇಳೆ ನಮ್ಮದೂ ಆಗಿರುವುದಿಲ್ಲ. ದಾರಿಯಲ್ಲಿ ತನ್ನ ಪಾಡಿಗೆ ತಾನು ನಡೆದು ಹೋಗುತ್ತಿದ್ದ ಅನ್ಯರದಾಗಿರುತ್ತದೆ. ಆದುದರಿಂದ ಹೊಸದಾಗಿ ಗಾಡಿ ಓಡಿಸಲು ಕಲಿಯುವವರ ಶಿಕ್ಷಣವನ್ನು ಕುರಿತು ಈ ತಿಂಗಳು ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ಹೊರಟಿದ್ದೇವೆ.

ಸಂದರ್ಭವು ಹೀಗೆ ಒದಗಿತು. ನಮ್ಮ ತಂಗಿಯ ಮಗಳು ಕಾಲೇಜಿನ ಓದಿಗಾಗಿ ನಮ್ಮ ಮನೆಯಲ್ಲಿಯೇ ಇದ್ದಾಳೆ. ಅವಳಿಗೆ ಹದಿನೆಂಟು ತುಂಬಿದ ವಾರದಲ್ಲಿಯೇ ಕಾರು ಕಲಿಯುವ ಮಾತನ್ನೆತ್ತಿದಳು. ಆಸೆ ಯೋಗ್ಯವಾದುದೇ. ಅವಳ ಅತ್ತೆಗೆ ಅಪರಾತ್ರಿಯಲ್ಲಿ ಎದೆನೋವು ಬಂದರೆ ಆಟೋ ಹುಡುಕಿಕೊಂಡು ಬೀದಿಗೆ ಓಡುವವರು ಯಾರು? ನಾವು ಒಪ್ಪಿದೆವು. ಸುದ್ದಿ ಹರಡಿದೊಡನೆಯೇ ಸಲಹೆಗಳೂ ಬಂದವು. ನೆರೆಯ ಪರಿಚಿತರೊಬ್ಬರು ಕಾಫಿ ಕುಡಿಯುತ್ತ, “ಹದಿನೈದು ದಿನ ಸಾಕು ಮೇಷ್ಟ್ರೇ. ನನಗೆ ಗೊತ್ತಿರುವ ಏಜೆಂಟರು ಇದ್ದಾರೆ. ಹುಡುಗಿ ಒಂದು ದಿನ ಹೋಗಿ ಮುಖ ತೋರಿಸಿ ಬಂದರೆ ಆಯಿತು, ಡಿ.ಎಲ್. ಮನೆಗೇ ಬರುತ್ತೆ. ಆಮೇಲೆ ಓಡಿಸ್ತಾ ಓಡಿಸ್ತಾ ತಾನೇ ಕಲೀತಾಳೆ” ಎಂದರು. ಅವರು ಎದ್ದು ಹೋದ ಮೇಲೆ ಹುಡುಗಿ ನಮ್ಮನ್ನು ಕೇಳಿದಳು: “ಮಾವ, ನೀವು ಎಲ್ಲಿ ಕಲಿತಿರಿ?”

ಪ್ರಶ್ನೆ ಸರಳವಾಗಿತ್ತು. ಉತ್ತರ ಹೇಳುವುದಕ್ಕೆ ನಮಗೆ ಎರಡು ದಿನ ಹಿಡಿಯಿತು. ಅವಳಿಗೆ ಹೇಳಿದುದನ್ನೇ ವಾಚಕರಿಗೂ ಹೇಳುತ್ತೇವೆ.

ನಾವು ಎಲ್ಲಿಯೂ ಕಲಿಯಲಿಲ್ಲ. 1991ನೆಯ ಇಸವಿಯಲ್ಲಿ ಸಾಲ ಮಾಡಿ ಒಂದು ಸ್ಕೂಟರು ಕೊಂಡೆವು. ಸಹೋದ್ಯೋಗಿಗಳೊಬ್ಬರು ಎರಡು ಸಂಜೆ ಶಾಲೆಯ ಬಯಲಿನಲ್ಲಿ ಹಿಂದೆ ಓಡಿ ಬಂದು ಗೇರು ಬದಲಾಯಿಸುವುದನ್ನು ತೋರಿಸಿಕೊಟ್ಟರು. ಲೈಸೆನ್ಸು ಮಧ್ಯವರ್ತಿಯೊಬ್ಬರ ಮುಖಾಂತರ ಬಂದಿತು. ನೆಲದ ಮೇಲೆ ಎಂಟರ ಅಂಕೆಯಂತೆ ಗಾಡಿ ತಿರುಗಿಸಿ ತೋರಿಸಬೇಕೆಂಬ ಪರೀಕ್ಷೆಯೊಂದು ಉಂಟೆಂದು ಕೇಳಿದ್ದೆವೇ ಹೊರತು ಆ ಎಂಟನ್ನು ನಾವು ಕಾಣಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಚೀಟಿ ಇಟ್ಟುಕೊಂಡು ಕುಳಿತ ಹುಡುಗನನ್ನು ಎಬ್ಬಿಸಿ ಹೊರಗೆ ಕಳುಹಿಸುತ್ತಿದ್ದ ಉಪಾಧ್ಯಾಯರಾದ ನಾವು, ನಮ್ಮ ಪರೀಕ್ಷೆಯನ್ನು ಬರೆಯದೆಯೇ ಉತ್ತೀರ್ಣರಾದೆವು. ಅದೂ ನಕಲೇ ಎಂಬ ಭಾವನೆ ಆಗ ನಮಗೆ ಬರಲಿಲ್ಲ; ಎಲ್ಲರೂ ಹಾಗೆ ಮಾಡುತ್ತಿದ್ದರು.

ಮರುವರ್ಷದ ಆಷಾಢದಲ್ಲಿ ಒಂದು ಸಂಜೆ ಶಾಲೆಯಿಂದ ಹಿಂದಿರುಗುತ್ತಿದ್ದೆವು. ಜಿನುಗು ಮಳೆ. ಮುಂದೆ ಒಂದು ಬಸ್ಸು ನಿಂತು ಜನರನ್ನು ಇಳಿಸುತ್ತಿತ್ತು. ನಾವು ವೇಗವನ್ನು ತಗ್ಗಿಸದೆ ಬಲಕ್ಕೆ ಸರಿದು ಮುಂದೆ ಹಾಯಲು ಹೋದೆವು. ಬಸ್ಸಿನ ಮೂತಿಯ ಮುಂದಿನಿಂದ ನಮ್ಮ ಶಾಲೆಯದೇ ಐದನೆಯ ತರಗತಿಯ ಹುಡುಗನೊಬ್ಬ ಚೀಲವನ್ನು ತಲೆಯ ಮೇಲೆ ಹಿಡಿದುಕೊಂಡು ಓಡಿ ಬಂದನು. ನಾವು ಗಾಬರಿಯಲ್ಲಿ ಕೈಬ್ರೇಕನ್ನು ಮಾತ್ರ ಬಲವಾಗಿ ಹಿಂಡಿದೆವು. ಮುಂದಿನ ಚಕ್ರ ಕಟ್ಟಿಕೊಂಡು ಗಾಡಿ ಜಾರಿತು. ಗಾಡಿಯೂ ನಾವೂ ಅವನ ಕಾಲಿಗೆ ತಗುಲಿ ಬಿದ್ದೆವು. ಅವನ ಹಣೆಗೆ ಮೂರು ಹೊಲಿಗೆ; ನಮ್ಮ ಎಡಗೈ ಮಣಿಕಟ್ಟಿನಲ್ಲಿ ಬಿರುಕು. ದೇವರು ದೊಡ್ಡವನು, ಅಷ್ಟಕ್ಕೇ ಮುಗಿಯಿತು. ಆ ಹುಡುಗನ ತಾಯಿ ಆಸ್ಪತ್ರೆಗೆ ಬಂದವಳು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. “ಇವನದೇ ತಪ್ಪು ಮೇಷ್ಟ್ರೇ, ನೋಡದೆ ಓಡ್ದ. ನಿಮ್ಮ ಕೈಗೆ ಹೀಗಾಯ್ತಲ್ಲ” ಎಂದು ನಮಗಾಗಿ ಮರುಗಿದಳು. ಆಕೆ ಹಾಗೆ ನಂಬಿದಳು. ನಂಬಲು ನಾವೂ ಬಿಟ್ಟೆವು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಈ ಸಂಗತಿಯನ್ನು ಯಾರೊಡನೆಯೂ ಆಡಿರಲಿಲ್ಲ.

ತಪ್ಪು ಆ ಹುಡುಗನದಲ್ಲ. ನಿಂತ ಬಸ್ಸಿನ ಮುಂದಿನಿಂದ ಮಗು ಬರುವುದು ಮಳೆಗಾಲದಲ್ಲಿ ಮಳೆ ಬರುವಷ್ಟೇ ಸಹಜವಾದ ಸಂಗತಿ. ಅದನ್ನು ಮುಂದಾಗಿ ತಿಳಿದುಕೊಂಡು, ವೇಗವನ್ನು ತಗ್ಗಿಸಿ, ಎರಡು ಬ್ರೇಕುಗಳ ಮೇಲೂ ಹದವಾಗಿ ಕೈಕಾಲು ಇಟ್ಟುಕೊಂಡು ಹೋಗಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಕಲಿಸುವವರ ಬಳಿಗೆ ನಾವು ಹೋಗಲೂ ಇಲ್ಲ. ನಮ್ಮ ಕಣ್ಣು ಬಸ್ಸನ್ನು ನೋಡಿತ್ತು. ಬಸ್ಸಿನ ಮರೆಯಲ್ಲಿರಬಹುದಾದ ಮಗುವನ್ನು ಕಂಡಿರಲಿಲ್ಲ. ಗಾಡಿ ಓಡಿಸುವ ವಿದ್ಯೆಯೆಂದರೆ ಇಷ್ಟೇ: ಕಾಣುವುದರಿಂದ ಕಾಣದುದನ್ನು ಊಹಿಸುವುದು. ತರ್ಕಶಾಸ್ತ್ರದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವ ಪಾಠವನ್ನು ನಾವು ಬಲು ಚೆನ್ನಾಗಿ ಒಪ್ಪಿಸುತ್ತಿದ್ದೆವು. ರಸ್ತೆಯ ಮೇಲೆ ಅದು ಉಪಯೋಗಕ್ಕೆ ಬರಲಿಲ್ಲ.

ನಮ್ಮ ಪೂರ್ವಿಕರು ಸಾರಥ್ಯವನ್ನು ಕೀಳು ಕೆಲಸವೆಂದು ಎಣಿಸಿದವರಲ್ಲ. ನಳ ಮಹಾರಾಜನು ರಾಜ್ಯಭ್ರಷ್ಟನಾಗಿ ಬಾಹುಕನೆಂಬ ಹೆಸರಿನಿಂದ ಋತುಪರ್ಣನಲ್ಲಿ ಸಾರಥಿಯಾಗಿದ್ದಾಗ ಅವನಿಗೆ ಉಳಿದಿದ್ದ ಸಂಪತ್ತು ಅಶ್ವಹೃದಯವೆಂಬ ವಿದ್ಯೆಯೊಂದೇ. ಅದನ್ನು ಕೊಟ್ಟು ಅಕ್ಷಹೃದಯವನ್ನು ಪಡೆದು ಕಳೆದುಕೊಂಡ ರಾಜ್ಯವನ್ನು ಮರಳಿ ಗಳಿಸಿದನು. ಕುದುರೆಯ ಬಾಯಿಗೆ ಕಡಿವಾಣ ಹಾಕುವುದಷ್ಟೇ ವಿದ್ಯೆಯಲ್ಲ, ಅದರ ಹೃದಯವನ್ನು ಬಲ್ಲುದು ವಿದ್ಯೆ, ಎಂಬುದು ಆ ಹೆಸರಿನಿಂದಲೇ ತಿಳಿಯುವುದು. ಕಠೋಪನಿಷತ್ತು ಶರೀರವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ, ಮನಸ್ಸನ್ನು ಲಗಾಮಿಗೂ ಹೋಲಿಸಿ, ಸಾರಥಿಯ ಸ್ಥಾನವನ್ನು ಬುದ್ಧಿಗೆ ಕೊಟ್ಟಿರುವುದು. ಇಂದಿನ ಗಾಡಿಗೆ ಕುದುರೆಗಳಿಲ್ಲ. ಆದರೆ ಓಡಿಸುವವನ ಇಂದ್ರಿಯಗಳೆಂಬ ಕುದುರೆಗಳು ಇದ್ದೇ ಇವೆ. ಅವುಗಳಲ್ಲಿ ಒಂದು ಮೊಬೈಲಿನ ಕಡೆಗೆ ಎಳೆಯುವುದು, ಮತ್ತೊಂದು ಮುಂದೆ ಹೋದ ಗಾಡಿಯನ್ನು ಹಿಂದೆ ಹಾಕುವ ಕಡೆಗೆ.

ಧರ್ಮಶಾಸ್ತ್ರ ಅರ್ಥಶಾಸ್ತ್ರಗಳು ಈ ವಿಷಯದಲ್ಲಿ ಹೇಳಿರುವ ಮಾತು ನಮ್ಮ ಗೃಹಸ್ಥರಿಗೆ ಇನ್ನೂ ಹತ್ತಿರವಾದುದು. ಮನುಸ್ಮೃತಿಯ ಅನೇಕ ವಿಧಿಗಳನ್ನು ಇಂದು ನಾವು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಅದರ ಎಂಟನೆಯ ಅಧ್ಯಾಯದಲ್ಲಿ ಬಂಡಿಯ ಅಪಘಾತಗಳ ವಿಚಾರವೊಂದು ಬಂದಿದೆ. ಓಡಿಸುವವನ ಅಕೌಶಲದಿಂದ ಬಂಡಿ ದಾರಿ ತಪ್ಪಿ ಪರರಿಗೆ ಹಾನಿಯಾದರೆ ಒಡೆಯನಿಗೆ ಇನ್ನೂರು ಪಣ ದಂಡ. ಓಡಿಸುವವನು ಕುಶಲನಾಗಿದ್ದೂ ಹಾಗಾದರೆ ದಂಡ ಅವನಿಗೆ. ಅವನು ಅಕುಶಲನೆಂದಾದರೆ ಆ ಬಂಡಿಯಲ್ಲಿ ಕುಳಿತಿದ್ದವರೆಲ್ಲರಿಗೂ ತಲಾ ನೂರು ಪಣ. ಕಲಿಯದವನ ಕೈಗೆ ಹಗ್ಗ ಕೊಟ್ಟವನೂ ತಪ್ಪಿತಸ್ಥ, ಕಲಿಯದವನ ಬಂಡಿಯನ್ನು ಹತ್ತಿದವನೂ ತಪ್ಪಿತಸ್ಥ, ಎಂಬ ನ್ಯಾಯವಿದು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ನ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವುದು. ಓಡಿಸುವವನು ಬಾಲಕನಾದರೆ ಗಾಡಿಯಲ್ಲಿರುವ ಒಡೆಯನೇ ದಂಡಾರ್ಹನು. ಬಾಲಕನೊಬ್ಬನೇ ಓಡಿಸುವ ಗಾಡಿಯನ್ನು ರಾಜನು ವಶಪಡಿಸಿಕೊಳ್ಳತಕ್ಕದ್ದು.

ಇದು ಹಳೆಯ ಕಾಲದ ಕಟ್ಟಳೆಯೆಂದು ವಾಚಕರು ನಗಬೇಕಾಗಿಲ್ಲ. ನಮ್ಮ ದೇಶದ 1988ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ತಿದ್ದುಪಡಿ ಬಂದಾಗ ಅದೇ ನ್ಯಾಯ ಹೊಸ ಉಡುಗೆ ತೊಟ್ಟು ಬಂದಿತು. ವಯಸ್ಸು ತುಂಬದ ಹುಡುಗನು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರನ್ನೋ ಗಾಡಿಯ ಒಡೆಯರನ್ನೋ ಅಪರಾಧಿಗಳೆಂದೇ ಭಾವಿಸಲಾಗುವುದು. ತಮಗೆ ತಿಳಿಯದಂತೆ ನಡೆಯಿತೆಂದೋ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದೋ ಅವರೇ ಸ್ಥಾಪಿಸಬೇಕು. ಶಿಕ್ಷೆಯು ಮೂರು ವರ್ಷಗಳವರೆಗೆ ಸೆರೆವಾಸ, ಅದರ ಮೇಲೆ 25,000 ರೂಪಾಯಿ ದಂಡ. ಆ ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ‘ಗೇರಿಲ್ಲದ ಸ್ಕೂಟರಿಗೆ ಹದಿನಾರಾದರೆ ಸಾಕಲ್ಲವೆ?’ ಎಂದು ಕೇಳುವ ತಂದೆತಾಯಿಗಳುಂಟು. ಹದಿನಾರರ ವಿನಾಯಿತಿ 50 ಸಿ.ಸಿ.ಗೆ ಮೀರದ ಎಂಜಿನ್ನಿನ ಗಾಡಿಗೆ ಮಾತ್ರ. ನಮ್ಮ ಬೀದಿಗಳಲ್ಲಿ ಮಕ್ಕಳು ಟ್ಯೂಷನ್ನಿಗೆ ಓಡಿಸಿಕೊಂಡು ಹೋಗುವ ಪೆಟ್ರೋಲು ಸ್ಕೂಟರುಗಳು ಬಹುಮಟ್ಟಿಗೆ 100 ಸಿ.ಸಿ.ಗೂ ಮೇಲ್ಪಟ್ಟವು, ಅವುಗಳಿಗೆ ಹದಿನೆಂಟೇ ಆಗಬೇಕು.

ಇಷ್ಟು ಕಠಿನವಾದ ಕಟ್ಟಳೆ ಏಕೆ ಬೇಕಾಯಿತೆಂಬುದನ್ನು ಸರ್ಕಾರದ ಲೆಕ್ಕವೇ ಹೇಳುವುದು. 2022ನೆಯ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳು ನಡೆದು 1,68,491 ಜನರು ಮೃತರಾದರು. ಹಗಲು ರಾತ್ರಿ ಬಿಡದೆ ಗಂಟೆಗೆ ಹತ್ತೊಂಬತ್ತು ಜನ. ನಾವು ಶಾಲೆಯಲ್ಲಿ ಎರಡು ಪಾಠಗಳನ್ನು ಮುಗಿಸುವಷ್ಟರಲ್ಲಿ ಒಂದು ತರಗತಿಯ ಹಾಜರಿ ಪಟ್ಟಿಯೇ ಬರಿದಾದಂತೆ. ಮೃತರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳ ಮೇಲಿದ್ದವರು. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ವೇಗವೆಂಬುದು ಯಂತ್ರದ ದೋಷವಲ್ಲ, ರಸ್ತೆಯ ದೋಷವಲ್ಲ. ಓಡಿಸುವವನ ಪಾದದ ದೋಷ.

ಇನ್ನು ಸರಿಯಾದ ಶಿಕ್ಷಣವೆಂದರೆ ಏನೆಂಬುದನ್ನು ವಿಚಾರಿಸೋಣ. ಸಾಮಾನ್ಯವಾಗಿ ಜನರು ಕ್ಲಚ್ಚು, ಗೇರು, ಬ್ರೇಕು, ಸ್ಟೀರಿಂಗು ಇವು ಕೈಕಾಲಿಗೆ ಒಗ್ಗಿದರೆ ಗಾಡಿ ಬಂದಿತೆಂದು ತಿಳಿಯುತ್ತಾರೆ. ಅದು ಅಕ್ಷರಾಭ್ಯಾಸ ಮಾತ್ರ. ಅ ಆ ಇ ಈ ಬರೆಯಲು ಬಂದ ಮಗುವಿನ ಕೈಗೆ ಕ್ರಯಪತ್ರ ಬರೆಯುವ ಕೆಲಸವನ್ನು ಯಾರಾದರೂ ಒಪ್ಪಿಸುವರೆ? ನಮ್ಮ ಹುಡುಗಿಗಾಗಿ ನಾವು ನಾಲ್ಕಾರು ಡ್ರೈವಿಂಗ್ ಸ್ಕೂಲುಗಳಲ್ಲಿ ವಿಚಾರಿಸಿದೆವು. ಒಂದು ಕಡೆ ಇಪ್ಪತ್ತು ದಿನ, ದಿನಕ್ಕೆ ಅರ್ಧ ಗಂಟೆ ಎಂದರು. ಕೂಡಿದರೆ ಹತ್ತು ಗಂಟೆ. ಇದಕ್ಕೆ ಎದುರಾಗಿ, 2021ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ನಿಯಮಗಳಲ್ಲಿ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಿಗೆ ವಿಧಿಸಿರುವ ಪಾಠಕ್ರಮವನ್ನು ನೋಡಿ. ಕಾರಿನಂಥ ಲಘು ವಾಹನಕ್ಕೆ ನಾಲ್ಕು ವಾರಗಳೊಳಗೆ 29 ಗಂಟೆಗಳ ಶಿಕ್ಷಣ; ಅದರಲ್ಲಿ 21 ಗಂಟೆ ಗಾಡಿಯ ಮೇಲೆ ಅಭ್ಯಾಸ, 8 ಗಂಟೆ ಕುಳಿತು ಕೇಳುವ ಪಾಠ. ಅಭ್ಯಾಸದಲ್ಲಿ ಹಳ್ಳಿಯ ದಾರಿ, ಹೆದ್ದಾರಿ, ಪಟ್ಟಣದ ಬೀದಿ, ಹಿಂದಕ್ಕೆ ಓಡಿಸುವುದು, ನಿಲ್ಲಿಸುವುದು, ಏರು ಇಳಿಜಾರು ಎಲ್ಲವೂ ಇವೆ. ಪಾಠದಲ್ಲಿ ರಸ್ತೆಯ ಮರ್ಯಾದೆ, ಅಪಘಾತದ ಕಾರಣಗಳು, ಪ್ರಥಮ ಚಿಕಿತ್ಸೆ ಮೊದಲಾದುವು ಸೇರಿವೆ. ಹತ್ತಕ್ಕೂ ಇಪ್ಪತ್ತೊಂಬತ್ತಕ್ಕೂ ಇರುವ ಅಂತರದಲ್ಲಿಯೇ ನಾವು ಹೇಳಬೇಕಾದುದೆಲ್ಲವೂ ಅಡಗಿದೆ. ಅಂಥ ಕೇಂದ್ರವು ಹತ್ತಿರದಲ್ಲಿ ಇಲ್ಲದವರು ಆ ಪಾಠಕ್ರಮವನ್ನೇ ಅಳತೆಗೋಲಾಗಿ ಇಟ್ಟುಕೊಂಡು, ತಮ್ಮೂರಿನ ಸ್ಕೂಲಿನವರಲ್ಲಿ ಹೆಚ್ಚು ದಿನಗಳ ಅಭ್ಯಾಸವನ್ನು ಕೇಳಿ ಪಡೆಯಬಹುದು.

ಕುಳಿತು ಕೇಳುವ ಪಾಠವನ್ನು ಅನೇಕರು ವ್ಯರ್ಥವೆನ್ನುವುದರಿಂದ ಹಳೆಯ ಅಭ್ಯಾಸದಂತೆ ಒಂದು ಲೆಕ್ಕವನ್ನು ಮಾಡಿ ತೋರಿಸುತ್ತೇವೆ. ಗಂಟೆಗೆ 36 ಕಿಲೋಮೀಟರು ವೇಗವೆಂದರೆ ಒಂದು ಸೆಕೆಂಡಿಗೆ 10 ಮೀಟರು. ಅಪಾಯವನ್ನು ಕಂಡು ಬುದ್ಧಿ ತಿಳಿದು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆಯುವುದು. ಅಷ್ಟರಲ್ಲಿ ಗಾಡಿ 10 ಮೀಟರು ಹೋಗಿರುವುದು. ಆಮೇಲೆ ಒಣ ರಸ್ತೆಯ ಮೇಲೆ ಸಾಧಾರಣ ಬಿಗಿಯಿಂದ ಬ್ರೇಕು ಹಾಕಿದರೂ ನಿಲ್ಲಲು ಸುಮಾರು 10 ಮೀಟರು ಬೇಕು. ಒಟ್ಟು 20. ಈಗ ವೇಗವನ್ನು ಎರಡರಷ್ಟು, ಅಂದರೆ 72, ಮಾಡಿ. ಯೋಚನೆಯ ಸೆಕೆಂಡಿನಲ್ಲಿ 20 ಮೀಟರು. ಬ್ರೇಕಿನ ದೂರವಾದರೋ ವೇಗದ ವರ್ಗವನ್ನು ಅನುಸರಿಸಿ ಬೆಳೆಯುವುದರಿಂದ ಎರಡರಷ್ಟಲ್ಲ, ನಾಲ್ಕರಷ್ಟು, 40 ಮೀಟರು. ಒಟ್ಟು 60. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ಮುಮ್ಮಡಿಯಾಯಿತು. ಮಳೆ ಬಿದ್ದ ರಸ್ತೆಯಲ್ಲಿ ಅದು ಇನ್ನೂ ಹೆಚ್ಚು. ಈ ಲೆಕ್ಕವನ್ನು ಬಲ್ಲವನು ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋಗಲಾರನು. ಗಂಟೆಗೆ 54 ಕಿಲೋಮೀಟರು ವೇಗದಲ್ಲಿ ಎರಡು ಸೆಕೆಂಡು ಮೊಬೈಲನ್ನು ನೋಡಿದವನು ಮೂವತ್ತು ಮೀಟರು ದೂರವನ್ನು ಕಣ್ಣು ಕಟ್ಟಿಕೊಂಡು ಹೋದಂತಾಯಿತು. ಸಾಲಾಗಿ ನಿಂತ ನಾಲ್ಕು ತರಗತಿಯ ಕೊಠಡಿಗಳಷ್ಟು ಉದ್ದ ಅದು.

ಮಲೆನಾಡಿನ ಘಾಟಿಗಳೂ ಒಂದು ಪಾಠಶಾಲೆಯೇ. ಆಗುಂಬೆಯ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಬಯಲುಸೀಮೆಯಲ್ಲಿ ಹದಿನೈದು ದಿನ ಕಲಿತವನು ಅಲ್ಲಿ ಇಳಿಯುವಾಗ ಬ್ರೇಕಿನ ಮೇಲೆಯೇ ಕಾಲಿಟ್ಟುಕೊಂಡು ಹೋಗುವನು. ಬ್ರೇಕು ಕಾದು ಹಿಡಿತ ತಪ್ಪುವುದು. ಕಲಿತವನಾದರೋ ಕೆಳಗಿನ ಗೇರಿನಲ್ಲಿಯೇ ಇಳಿದು ಎಂಜಿನ್ನನ್ನೇ ಲಗಾಮಾಗಿ ಮಾಡಿಕೊಳ್ಳುವನು; ನ್ಯೂಟ್ರಲ್ಲಿಗೆ ಎಂದಿಗೂ ಹಾಕನು. ಘಾಟಿಯಲ್ಲಿ ಏರಿ ಬರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡತಕ್ಕದ್ದೆಂಬ ನಿಯಮವನ್ನು ತಿಳಿದವನು ತಿರುವಿನಲ್ಲಿ ಮೂತಿಗೆ ಮೂತಿ ತಂದು ನಿಲ್ಲಿಸಿ ಜಗಳವಾಡನು. ಇಂಥ ಮಾತುಗಳು ಗಾಡಿ ಓಡಿಸುತ್ತ ಓಡಿಸುತ್ತ ತಾವಾಗಿಯೇ ತಿಳಿಯುವುವಲ್ಲ. ತಿಳಿಯುವ ಮೊದಲೇ ಘಾಟಿ ಬಂದಿರುವುದು.

‘ಅನುಭವವೇ ಗುರು, ನಮ್ಮ ಹಿರಿಯರು ಯಾವ ಸ್ಕೂಲಿಗೆ ಹೋಗಿದ್ದರು?’ ಎಂಬ ಆಕ್ಷೇಪವುಂಟು. ಅನುಭವ ಗುರುವೇ ಹೌದು. ಆದರೆ ಈ ಗುರುವಿನ ದಕ್ಷಿಣೆ ಬಹಳ ಹೆಚ್ಚು, ಅದನ್ನು ಕೊಡುವವನು ಅನೇಕ ವೇಳೆ ಶಿಷ್ಯನಲ್ಲ. ನಮ್ಮ ಅನುಭವದ ದಕ್ಷಿಣೆಯನ್ನು ತನ್ನ ಹಣೆಯ ಮೂರು ಹೊಲಿಗೆಗಳಿಂದ ಕೊಟ್ಟವನು ಆ ಐದನೆಯ ತರಗತಿಯ ಹುಡುಗ. ಬ್ರಿಟನ್ ದೇಶದಲ್ಲಿಯೂ ಒಂದು ಕಾಲಕ್ಕೆ ಪರೀಕ್ಷೆಯಿಲ್ಲದೆ ಲೈಸೆನ್ಸು ದೊರೆಯುತ್ತಿತ್ತು. 1934ರಲ್ಲಿ ಅಲ್ಲಿಯ ರಸ್ತೆಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಮಡಿದ ಮೇಲೆ, 1935ರಲ್ಲಿ ಹೊಸ ಚಾಲಕರೆಲ್ಲರಿಗೂ ಪರೀಕ್ಷೆ ಕಡ್ಡಾಯವಾಯಿತು. ಅನುಭವವೊಂದನ್ನೇ ಗುರುವೆಂದು ನಂಬಿದ್ದವರು ಸಾಕಷ್ಟು ದಕ್ಷಿಣೆ ತೆತ್ತ ಬಳಿಕ ಎಚ್ಚೆತ್ತುದಕ್ಕೆ ಇದೊಂದು ನಿದರ್ಶನ.

ಆದರೆ ಎಲ್ಲ ಶಿಕ್ಷಣವೂ ಹಿತವೆಂದು ನಾವು ಹೇಳಲಾರೆವು. ನಾರ್ವೆ ದೇಶದಲ್ಲಿ 1979ರಿಂದ ಹೊಸ ಚಾಲಕರಿಗೆ ಜಾರುವ ರಸ್ತೆಯ ಮೇಲೆ ಗಾಡಿಯನ್ನು ಹತೋಟಿಗೆ ತರುವ ಅಭ್ಯಾಸವನ್ನು ಕಡ್ಡಾಯ ಮಾಡಿದರು. ಫಲವನ್ನು ಪರೀಕ್ಷಿಸಿ ನೋಡಿದಾಗ ತರುಣ ಪುರುಷರಲ್ಲಿ ಅಂಥ ಅಪಘಾತ ಕಡಿಮೆಯಾಗುವ ಬದಲು ಹೆಚ್ಚಿತ್ತು. ಚಮತ್ಕಾರ ಬಂದಿತು, ಅದರ ಹಿಂದೆಯೇ ಅಹಂಕಾರವೂ ಬಂದಿತು. ಜಾರಿದರೂ ನಿಲ್ಲಿಸಬಲ್ಲೆನೆಂಬ ಧೈರ್ಯ ವೇಗವನ್ನು ಹೆಚ್ಚಿಸಿತು. ಸ್ವೀಡನ್ ದೇಶದವರು ಬೇರೆ ದಾರಿ ಹಿಡಿದರು. ಲೈಸೆನ್ಸಿನ ವಯಸ್ಸನ್ನು ಹದಿನೆಂಟಕ್ಕೇ ಉಳಿಸಿಕೊಂಡು, 1993ರಲ್ಲಿ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡುವ ವಯಸ್ಸನ್ನು ಹದಿನಾರಕ್ಕೆ ಇಳಿಸಿದರು. ಹೀಗೆ ದೀರ್ಘಕಾಲ ಹಿರಿಯರ ಪಕ್ಕದಲ್ಲಿ ಅಭ್ಯಾಸ ಮಾಡಿದವರು ಮುಂದೆ ಒಂಟಿಯಾಗಿ ಓಡಿಸಿದಾಗ ಅವರಿಗೆ ಅಪಘಾತಗಳು ಗಣನೀಯವಾಗಿ ಕಡಿಮೆಯಾದುವು. ಆದುದರಿಂದ ಶಿಕ್ಷಣದ ಸಾರವು ಅಪಾಯದಿಂದ ಪಾರಾಗುವ ಚಮತ್ಕಾರವಲ್ಲ. ಅಪಾಯಕ್ಕೆ ಹೋಗದಿರುವ ವಿವೇಕ. ಅದು ಬರುವುದು ನಿಧಾನವಾದ ಅಭ್ಯಾಸದಿಂದ.

ಇಲ್ಲಿಯೇ ಗೃಹಸ್ಥರ ಪಾತ್ರ ಬರುವುದು. ಸ್ಕೂಲಿನವರು ಕಲಿಸುವುದು ಕೆಲವು ವಾರ. ಉಳಿದ ಪಾಠ ಮನೆಯವರದು. ನಮ್ಮ ಕಾಯಿದೆಯಲ್ಲಿಯೂ ಅದಕ್ಕೆ ಅವಕಾಶವುಂಟು. ಎಲ್.ಎಲ್.ಆರ್. ದೊರೆತ ಮೇಲೆ ಮೂವತ್ತು ದಿನ ಕಳೆಯದೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗುವಂತಿಲ್ಲ. ಆರು ತಿಂಗಳವರೆಗೆ ಅದು ಊರ್ಜಿತವಾಗಿರುವುದು. ಮೂವತ್ತೊಂದನೆಯ ದಿನ ಓಡುವುದನ್ನು ಬಿಟ್ಟು ಆ ಆರು ತಿಂಗಳನ್ನೂ ಅಭ್ಯಾಸಕ್ಕೆ ಉಪಯೋಗಿಸಿಕೊಳ್ಳುವವನು ಬುದ್ಧಿವಂತ. ಆ ಕಾಲದಲ್ಲಿ ಗಾಡಿಯ ಮುಂದೆಯೂ ಹಿಂದೆಯೂ ಬಿಳಿಯ ಹಲಗೆಯ ಮೇಲೆ ಕೆಂಪು ಎಲ್ ಅಕ್ಷರವಿರಬೇಕು. ಲೈಸೆನ್ಸು ಉಳ್ಳ ಹಿರಿಯರು ಗಾಡಿಯನ್ನು ತಡೆದು ನಿಲ್ಲಿಸಬಲ್ಲಂತೆ ಪಕ್ಕದಲ್ಲಿ ಕುಳಿತಿರಬೇಕು. ದ್ವಿಚಕ್ರದಲ್ಲಿ ಕಲಿಯುವವರು ಕಲಿಸುವವರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳಕೂಡದು. ಆ ಕೆಂಪಕ್ಷರವನ್ನು ಕೆಲವರು ಅವಮಾನವೆಂದು ತಿಳಿದು ಮರೆಮಾಡುವುದುಂಟು. ವಿದ್ಯಾರ್ಥಿಯೆಂದು ಹೇಳಿಕೊಳ್ಳುವುದು ನಮ್ಮ ದೇಶದಲ್ಲಿ ಎಂದಿನಿಂದ ಅವಮಾನವಾಯಿತು?

ಅಭ್ಯಾಸಕ್ಕೂ ಒಂದು ಕ್ರಮವುಂಟು. ಮೊದಲು ಬಯಲು, ಅನಂತರ ನಿರ್ಜನವಾದ ಬೀದಿ, ಆಮೇಲೆ ಪೇಟೆ, ಆಮೇಲೆ ಹೆದ್ದಾರಿ. ಕಡೆಗೆ ಮಳೆ, ಕತ್ತಲೆ, ಘಾಟಿ. ಸಂಧಿಯನ್ನು ತಿಳಿಯದವನಿಗೆ ಕಾವ್ಯವನ್ನು ಕೊಡುವುದಿಲ್ಲವಷ್ಟೆ. ಲೈಸೆನ್ಸು ಬಂದ ಮೇಲೂ ಕೆಲವು ತಿಂಗಳು ರಾತ್ರಿಯ ಹೊತ್ತಿನಲ್ಲಿ ಒಂಟಿಯಾಗಿಯೂ, ಗೆಳೆಯರನ್ನು ತುಂಬಿಕೊಂಡೂ ಹೋಗಗೊಡಬಾರದು. ನ್ಯೂಜಿಲೆಂಡ್ ದೇಶದವರು 1987ರಿಂದ ಇಂಥ ನಿರ್ಬಂಧಗಳನ್ನು ಕಾಯಿದೆಯಲ್ಲಿಯೇ ಬರೆದುಕೊಂಡಿರುವರು. ನಾವು ಮನೆಯ ಕಟ್ಟಳೆಯಾಗಿ ಅದನ್ನು ಪಾಲಿಸಬಹುದು. ಸ್ಕೂಲನ್ನು ಆರಿಸುವಾಗ ಶುಲ್ಕವೊಂದನ್ನೇ ಕೇಳದೆ, ಕಲಿಸುವವರ ಪಕ್ಕದಲ್ಲಿಯೂ ಬ್ರೇಕು ಕ್ಲಚ್ಚುಗಳಿರುವ ಕಾರು ಉಂಟೆ, ಒಂದು ಪಾಠದಲ್ಲಿ ಎಷ್ಟು ಜನ ಕೂರುವರು, ಮಳೆಯಲ್ಲಿಯೂ ಸಂಜೆಗತ್ತಲೆಯಲ್ಲಿಯೂ ಕಲಿಸುವರೆ ಎಂದು ಕೇಳಬೇಕು.

ಪಕ್ಕದಲ್ಲಿ ಕುಳಿತುಕೊಳ್ಳುವ ಹಿರಿಯರಿಗೂ ಒಂದು ಮಾತು. ಭಾರತದಲ್ಲಿ ಶಲ್ಯನು ಕರ್ಣನ ಸಾರಥಿಯಾಗಿ, ರಥವನ್ನು ನಡೆಸುತ್ತಲೇ ಮಾತುಮಾತಿಗೂ ಅವನ ಧೈರ್ಯವನ್ನು ಕುಂದಿಸಿದನಷ್ಟೆ. ನಮ್ಮ ಮನೆಗಳಲ್ಲಿ ಸಾರಥಿಯ ಪಕ್ಕದಲ್ಲಿ ಕುಳಿತವರೇ ಶಲ್ಯರು. ‘ಅಯ್ಯೋ, ಹೋಯಿತು! ನಿನಗೆ ಬುದ್ಧಿ ಇದೆಯೇ? ನಿನ್ನ ಕೈಯಲ್ಲಿ ಆಗುವ ಕೆಲಸವಲ್ಲ ಇದು’ ಎಂದು ಕೂಗುವ ತಂದೆಯೂ, ‘ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆ’ ಎನ್ನುವ ಬಂಧುವೂ ಕಲಿಯುವವರ ಕಣ್ಣನ್ನು ರಸ್ತೆಯಿಂದ ತಮ್ಮ ಮುಖದ ಕಡೆಗೆ ತಿರುಗಿಸುತ್ತಾರೆ. ಸಮಾಧಾನದಿಂದ ಹೇಳಲಾರದವರು ಹಿಂದಿನ ಸೀಟಿನಲ್ಲಿ ಮೌನವಾಗಿ ಕೂರುವುದೇ ಮೇಲು.

ನಾವು ಹಾಗೆಯೇ ಕುಳಿತೆವು. ಹುಡುಗಿಯನ್ನು ಒಳ್ಳೆಯ ಸ್ಕೂಲೊಂದಕ್ಕೆ ಸೇರಿಸಿ, ಅಲ್ಲಿಯ ಶಿಕ್ಷಕರ ಅಪ್ಪಣೆ ಪಡೆದು ಪಾಠದ ಹೊತ್ತಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಕೇಳಿದೆವು. ಶಿಕ್ಷಕರು ಮೂವತ್ತರ ಪ್ರಾಯದವರು. ಒಂದು ದಿನ ಅವರು, “ಸರ್, ನೀವು ಇಷ್ಟು ವರ್ಷ ಓಡಿಸಿದ್ದೀರಿ. ಹೇಳಿ, ಈಗ ದಾಟಿ ಬಂದ ಸರ್ಕಲ್ಲಿನಲ್ಲಿ ನಮ್ಮ ಎಡಗಡೆ ಏನಿತ್ತು?” ಎಂದರು. ನಮಗೆ ಹೇಳಲಾಗಲಿಲ್ಲ. ಹುಡುಗಿ ರಸ್ತೆಯಿಂದ ಕಣ್ಣು ತೆಗೆಯದೆ, “ಒಂದು ಆಟೋ, ಅದರ ಹಿಂದೆ ಸೈಕಲ್ಲಿನಲ್ಲಿ ಒಬ್ಬ ಹುಡುಗ” ಎಂದಳು. ಮೂವತ್ತು ವರ್ಷಗಳ ಹಿಂದೆ ನಮ್ಮ ಕಣ್ಣಿಗೆ ಬೀಳಬೇಕಾಗಿದ್ದ ಹುಡುಗ ಅವಳ ಕಣ್ಣಿಗೆ ಬಿದ್ದಿದ್ದನು. ಆ ದಿನ ಮನೆಗೆ ಬಂದ ಮೇಲೆ ನಮಗೆ ಮಾತು ಹೆಚ್ಚಾಗಿ ಬರಲಿಲ್ಲ.

ಏಜೆಂಟರ ಸಹಾಯವಿಲ್ಲದೆ ಅವಳು ಪರೀಕ್ಷೆಗೆ ಹೋದಳು. ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ನೆಟ್ಟ ಕಂಬಕ್ಕೆ ತಾಗಿಸಿ, ಅನುತ್ತೀರ್ಣಳಾಗಿ ಬಾಡಿದ ಮುಖದಿಂದ ಹಿಂದಿರುಗಿ, “ಮಾವ, ಫೇಲಾದೆ” ಎಂದಳು. “ಮಗು, ನೀನು ಬರೆದದ್ದು ನಿಜವಾದ ಪರೀಕ್ಷೆ ಎಂಬುದಕ್ಕೆ ಇದೇ ಸಾಕ್ಷಿ. ನಾನು ಫೇಲಾಗಲಿಲ್ಲ, ಏಕೆಂದರೆ ಪರೀಕ್ಷೆಗೇ ಹೋಗಲಿಲ್ಲ” ಎಂದು ನಾವು ಹೇಳಿದೆವು. ಮತ್ತೆರಡು ವಾರ ಹಿಂದಕ್ಕೆ ಓಡಿಸುವುದನ್ನೇ ಅಭ್ಯಾಸ ಮಾಡಿ ಎರಡನೆಯ ಸಲ ಉತ್ತೀರ್ಣಳಾದಳು. ಬೀಗದಕೈಯನ್ನು ಅವಳ ಕೈಗೆ ಕೊಡುವಾಗ ನಮಗೆ ಭಯವಾಗಲಿಲ್ಲವೆಂದು ಹೇಳಲಾರೆವು. ಆದರೆ ಅದು ಕೊಡಬಾರದವರಿಗೆ ಕೊಟ್ಟ ಭಯವಲ್ಲ.

ಈ ತಿಂಗಳು ಯಾವ ಮನೆಯಲ್ಲಿ ಮಗನೋ ಮಗಳೋ ಹದಿನೆಂಟು ತುಂಬಿ ಬೀಗದಕೈಗಾಗಿ ಕೈ ಚಾಚಿರುವರೋ ಆ ಮನೆಯ ಯಜಮಾನರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಗಾಡಿ ಕೊಳ್ಳಲು ಲಕ್ಷಗಳನ್ನು ವೆಚ್ಚ ಮಾಡುವವರು ಕಲಿಸಲು ಕೆಲವು 1,000 ರೂಪಾಯಿಗಳಿಗೂ ಕೆಲವು ತಿಂಗಳುಗಳಿಗೂ ಹಿಂದೆಗೆಯಬೇಡಿ. ಅಡ್ಡದಾರಿಯ ಲೈಸೆನ್ಸನ್ನು ಮನೆಗೆ ತರಿಸಬೇಡಿ. ದಾರಿಯಲ್ಲಿ ಚೀಲವನ್ನು ತಲೆಯ ಮೇಲೆ ಹಿಡಿದುಕೊಂಡು ಓಡುವ ಮಗು ಯಾರದಾದರೂ ಆಗಿರಬಹುದು, ನಿಮ್ಮದೂ ಆಗಿರಬಹುದು.